ನೀಲಗಾರರ ಪದವೂ ನಮ್ಮ ಸುಶಿಕ್ಷಿತರ ಅಭಿರುಚಿಯೂ

ನಮ್ಮ ಸೀಮೆಯ ದಲಿತ ಸಮಾಜದಲ್ಲಿ ಓದಿ ಮುಂದೆ ಬಂದವರ ನಡುವೆ ಈಗ ಒಂದು ಮಾತು ಸವೆದ ನಾಣ್ಯದಂತೆ ಕೈಯಿಂದ ಕೈಗೆ ಚಲಾವಣೆಯಾಗುತ್ತಿದೆ. “ಆ ತಂಬೂರಿ, ಆ ಗಗ್ಗರ, ಆ ಪದ ಇವೆಲ್ಲ ನಮ್ಮ ಅಜ್ಜಂದಿರ ಕಾಲಕ್ಕೇ ಸಾಕಾಯಿತು, ನಮ್ಮ ಮಕ್ಕಳಿಗೆ ಇನ್ನು ಏತಕ್ಕೆ?” ಎಂಬುದೇ ಆ ಮಾತು. ಹೀಗೆನ್ನುವವರು ವೈದ್ಯರು, ಇಂಜಿನಿಯರುಗಳು, ಕಾಲೇಜಿನ ಅಧ್ಯಾಪಕರು, ಬ್ಯಾಂಕಿನ ಅಧಿಕಾರಿಗಳು. ಮಾಂಬಳ್ಳಿ, ಅಗರ, ಯಳಂದೂರು, ಕೊಳ್ಳೇಗಾಲಗಳ ಕೇರಿಗಳಲ್ಲಿ ಹುಟ್ಟಿ, ವಿದ್ಯಾರ್ಥಿನಿಲಯದ ಅನ್ನವನ್ನು ಉಂಡು, ಮೈಸೂರು ಬೆಂಗಳೂರುಗಳಲ್ಲಿ ಮನೆ ಕಟ್ಟಿದವರು. ಈ ಲೇಖಕನೂ ಅದೇ ವರ್ಗಕ್ಕೆ ಸೇರಿದವನಾದುದರಿಂದ ಹೊರಗೆ ನಿಂತು ಕಲ್ಲೆಸೆಯುತ್ತಿದ್ದಾನೆಂದು ಯಾರೂ ತಿಳಿಯಬಾರದು. ಆ ಮಾತು ತಪ್ಪು, ಅದಕ್ಕಿಂತ ಮಿಗಿಲಾಗಿ ಅದು ನಮಗೆ ಹಾನಿಕರ ಎಂಬುದನ್ನು ವಾಚಕರ ಮುಂದೆ ಇಡುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು, ನಾವು ಯಾವುದನ್ನು ಬೇಡವೆನ್ನುತ್ತಿದ್ದೇವೆ ಎಂಬುದನ್ನು ನೋಡೋಣ. ನೀಲಗಾರರೆಂದರೆ ಮಂಟೇಸ್ವಾಮಿಯ ಪರಂಪರೆಯಲ್ಲಿ ದೀಕ್ಷೆ ಪಡೆದು ತಂಬೂರಿ ಹಿಡಿದವರು. ಅವರಲ್ಲಿ ಬಹುಪಾಲು ನಮ್ಮ ಕೇರಿಯವರೇ. ಬೇರೆ ಕುಲದ ಒಕ್ಕಲಿನವರೂ ಉಂಟು. ಬೊಪ್ಪೇಗೌಡನಪುರ, ಕಪ್ಪಡಿ, ಚಿಕ್ಕಲ್ಲೂರು ಇವು ಅವರ ಕ್ಷೇತ್ರಗಳು. ಗದ್ದುಗೆಯ ಅಧಿಕಾರ ಅರಸು ಮನೆತನದ್ದು. ಹಾಡಿನ ಅಧಿಕಾರ ಮಾತ್ರ ನಮ್ಮದು. ಮುಂದಾಳು ಒಂದು ಸೊಲ್ಲನ್ನು ಎತ್ತುತ್ತಾನೆ, ಹಿಮ್ಮೇಳದವರು ಅದನ್ನು ಹಿಡಿಯುತ್ತಾರೆ, ತಂಬೂರಿ, ಡಕ್ಕೆ, ತಾಳ, ಗಗ್ಗರಗಳು ಅದನ್ನು ಹೊರುತ್ತವೆ. ಒಂದು ರಾತ್ರಿಗೆ ಮುಗಿಯತಕ್ಕ ಕಾವ್ಯವಲ್ಲ ಅದು. ಧರೆಗೆ ದೊಡ್ಡವರು, ರಾಚಪ್ಪಾಜಿ, ಚೆನ್ನಾಜಮ್ಮ, ದೊಡ್ಡಮ್ಮತಾಯಿ, ಫಲಾರದಯ್ಯ, ಸಿದ್ಧಪ್ಪಾಜಿ ಎಂದು ಸಾಲು ಸಾಲಾಗಿ ಹಲವು ರಾತ್ರಿಗಳವರೆಗೆ ಹಬ್ಬುವಂಥದು. ಪುಸ್ತಕವಿಲ್ಲದೆ, ಪಾಠಶಾಲೆಯಿಲ್ಲದೆ, ಅಕ್ಷರವನ್ನೇ ಅರಿಯದ ಮನುಷ್ಯನ ನೆನಪಿನಲ್ಲಿ ಇಷ್ಟು ದೊಡ್ಡ ಕಾವ್ಯ ನಿಂತಿತೆಂಬುದೊಂದೇ ಸಾಕು, ಯಾವ ದೇಶದ ಪಂಡಿತನೂ ಬೆರಗಾಗುವುದಕ್ಕೆ.

ಆ ಕಾವ್ಯದ ವಸ್ತುವಾದರೂ ಏನು? ಕುಷ್ಠರೋಗಿಯ ರೂಪದಲ್ಲಿ ಗುರುವೊಬ್ಬನು ಕಲ್ಯಾಣಪಟ್ಟಣದ ಬಾಗಿಲಿಗೆ ಬರುತ್ತಾನೆ. ಜಾತಿಯಿಲ್ಲವೆಂದು ಸಾರಿದ ಊರು ಅದು. ಬಸವಣ್ಣನ ಮನೆಯಲ್ಲಿ ನಿತ್ಯವೂ ಲಕ್ಷದ ಮೇಲೆ ತೊಂಬತ್ತಾರು ಸಾವಿರ ಜಂಗಮರ ಊಟ. ಆದರೆ ನಾರುವ ಮೈಯ ಈ ಜಂಗಮನನ್ನು ಬಾಗಿಲಲ್ಲಿಯೇ ತಡೆಯುತ್ತಾರೆ, ತಳ್ಳುತ್ತಾರೆ. ಆತನು ತಿಪ್ಪೆಯ ಬಳಿ ಬಿದ್ದುಕೊಂಡು ಆ ಊರಿನ ಭಕ್ತಿಯನ್ನು ತೂಗುತ್ತಾನೆ. ವೇಷದ ಶರಣರು ಯಾರು, ನಿಜದ ಶರಣರು ಯಾರು ಎಂಬುದನ್ನು ಬಯಲಿಗೆ ಎಳೆಯುತ್ತಾನೆ. ಸಮಾನತೆಯ ಮಾತನ್ನಾಡಿದ ಚಳವಳಿಯೊಂದನ್ನು ಅದರ ಹೊಸಲಿನಿಂದ ಹೊರಗೆ ನಿಂತವನು ಪರೀಕ್ಷೆಗೆ ಹಚ್ಚಿದ ಕಥೆ ಇದು. ಇಂತಹ ವಿಮರ್ಶೆ ನಮ್ಮ ಬರಹದ ಸಾಹಿತ್ಯದಲ್ಲಿ ಎಷ್ಟು ಕಡೆ ಇದೆ ಎಂದು ಹುಡುಕಿ ನೋಡಿದವರಿಗೆ ನೀಲಗಾರರ ಬೆಲೆ ತಿಳಿಯುತ್ತದೆ. ಇದನ್ನು ನಮ್ಮ ಅಜ್ಜಂದಿರು ಕಟ್ಟಿದರು, ಕಾಪಾಡಿದರು. ನಾವು ಇಂಗ್ಲಿಷು ಕಲಿತ ಮೇಲೆ ಇದನ್ನು ಕೇಳುವುದಕ್ಕೆ ನಾಚುತ್ತಿದ್ದೇವೆ.

ಈ ನಾಚಿಕೆಗೆ ಕಾರಣವಿಲ್ಲವೆಂದು ನಾನು ಹೇಳುವುದಿಲ್ಲ. ಕಾರಣ ಬಲವಾಗಿಯೇ ಇದೆ. ನಮ್ಮ ಕೈಯಲ್ಲಿ ಊರು ಕೊಟ್ಟ ವಾದ್ಯ ತಮಟೆ. ಸತ್ತ ಸುದ್ದಿ ಸಾರುವುದಕ್ಕೆ, ಹಬ್ಬದಲ್ಲಿ ಮುಂದೆ ನಡೆಯುವುದಕ್ಕೆ, ಹೆಣದ ಮುಂದೆ ಕುಣಿಯುವುದಕ್ಕೆ ನಮ್ಮವರನ್ನು ಕರೆದರು; ಕರೆದರೆನ್ನುವುದೂ ಸರಿಯಲ್ಲ, ಬರಲೇಬೇಕೆಂದು ವಿಧಿಸಿದರು. ಬಾರದಿದ್ದ ಕೇರಿಗೆ ದಂಡ, ಬಹಿಷ್ಕಾರ. ಆದುದರಿಂದ 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿ ಹಳ್ಳಿಹಳ್ಳಿಗೂ ಹಬ್ಬಿದಾಗ, ಇಂತಹ ಬಿಟ್ಟಿ ಚಾಕರಿಯನ್ನು ಬಿಡಬೇಕೆಂಬ ನಿರ್ಧಾರಕ್ಕೆ ಎಷ್ಟೋ ಕೇರಿಗಳು ಬಂದುವು. ಅದು ಸರಿಯಾದ ನಿರ್ಧಾರ, ಇಂದಿಗೂ ಸರಿ. ಆದರೆ ಚಾಕರಿಯ ತಮಟೆಗೂ ದೀಕ್ಷೆಯ ತಂಬೂರಿಗೂ ಇರುವ ಅಂತರವನ್ನು ನಮ್ಮ ಸುಶಿಕ್ಷಿತರು ಮರೆತರು. ತಂಬೂರಿಯನ್ನು ನಮ್ಮ ಹೆಗಲಿಗೆ ಯಾವ ಪಟೇಲನೂ ಹೊರಿಸಲಿಲ್ಲ. ಗುರುವಿನ ಮುಂದೆ ಕುಳಿತು ತಾನಾಗಿ ಬೇಡಿ ಪಡೆದದ್ದು ಅದು. ಯಜಮಾನನ ಅಂಗಳದಲ್ಲಿ ತಲೆ ತಗ್ಗಿಸಿದ ಮನುಷ್ಯನೇ ರಾತ್ರಿ ತಂಬೂರಿ ಹಿಡಿದರೆ ಅದೇ ಯಜಮಾನನು ಕೆಳಗೆ ಕುಳಿತು ಕೇಳಬೇಕಾಗುತ್ತಿತ್ತು. ದಾಸ್ಯದ ಗುರುತನ್ನು ಎಸೆಯುವ ಭರದಲ್ಲಿ ದಾಸ್ಯದ ವಿರುದ್ಧ ನಮ್ಮಲ್ಲಿದ್ದ ಒಂದೇ ಆಸ್ತಿಯನ್ನೂ ಎಸೆಯುವುದು ವಿವೇಕವೇ?

ಎಸೆದ ಜಾಗದಲ್ಲಿ ಏನನ್ನು ತಂದಿಟ್ಟೆವು ಎಂಬುದನ್ನೂ ನೋಡಬೇಕು. ಮಗಳಿಗೆ ಭರತನಾಟ್ಯ, ಮಗನಿಗೆ ಕೀಬೋರ್ಡು, ಮನೆಯ ದಿವಾನಖಾನೆಯಲ್ಲಿ ವೀಣೆಯ ಒಂದು ಚಿತ್ರ, ಗೃಹಪ್ರವೇಶಕ್ಕೆ ಬೆಳಿಗ್ಗೆ ಸುಪ್ರಭಾತ. ಇವುಗಳಲ್ಲಿ ಯಾವುದೂ ದೋಷವಲ್ಲ. ಭೈರವಿ ರಾಗಕ್ಕೆ ಜಾತಿಯಿಲ್ಲ. ತ್ಯಾಗರಾಜರ ಕೃತಿ ಕೇಳಿ ಕಣ್ಣು ತೇವವಾದ ದಲಿತನು ಯಾರಿಗೂ ದ್ರೋಹ ಮಾಡಿದವನಲ್ಲ. (ಕರ್ನಾಟಕ ಸಂಗೀತದ ಮೃದಂಗಕ್ಕೆ ಚರ್ಮವನ್ನು ಹದಮಾಡಿ ಬಿಗಿದುಕೊಟ್ಟವರು ಯಾರೆಂಬುದನ್ನು ತಿಳಿಯಬೇಕಾದವರು ಟಿ. ಎಂ. ಕೃಷ್ಣ ಅವರು 2020ರಲ್ಲಿ ಪ್ರಕಟಿಸಿದ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಎಂಬ ಪುಸ್ತಕವನ್ನು ಓದಲಿ. ಆ ಕಛೇರಿಯಲ್ಲಿ ನಾವು ಎಂದೂ ಅತಿಥಿಗಳಾಗಿರಲಿಲ್ಲ, ಪಾಲುದಾರರಾಗಿದ್ದೆವು.) ನನ್ನ ತಕರಾರು ಇರುವುದು ಇಷ್ಟಪಟ್ಟು ಕೇಳುವವರ ಮೇಲಲ್ಲ. ಕೇಳದೆಯೇ ಇಟ್ಟುಕೊಳ್ಳುವವರ ಮೇಲೆ. ಇವರಿಗೆ ಸಂಗೀತವು ಸಂಗೀತವಲ್ಲ, ಪ್ರಮಾಣಪತ್ರ. ನೆರೆಮನೆಯವರು ಕುಲವನ್ನು ಕೇಳುವುದಕ್ಕೆ ಮುಂಚೆಯೇ ಕೊಟ್ಟುಬಿಟ್ಟ ಉತ್ತರ. ಬಾಡಿಗೆಗೆ ಮನೆ ಕೊಡುವವರು “ನೀವು ಸಸ್ಯಾಹಾರಿಗಳೇ?” ಎಂದು ವಿಚಾರಿಸುವ ಬೀದಿಗಳಲ್ಲಿ ಇಂತಹ ಪ್ರಮಾಣಪತ್ರಕ್ಕೆ ಬೆಲೆಯಿದೆ ಎಂಬುದು ನನಗೆ ಗೊತ್ತು. ಬೆಲೆ ತೆರಬೇಕಾಗಿ ಬಂದದ್ದು ಅನ್ಯಾಯ. ತೆತ್ತು ತೆತ್ತು ಕೊನೆಗೆ ಅದನ್ನೇ ಸಂಸ್ಕಾರವೆಂದು ನಂಬಿಕೊಂಡದ್ದು ಅದಕ್ಕಿಂತ ದೊಡ್ಡ ನಷ್ಟ.

ಕೆಲವು ವರ್ಷಗಳ ಹಿಂದೆ ಮೈಸೂರಿನಲ್ಲಿ ನಮ್ಮ ಕಡೆಯ ಅಧಿಕಾರಿಯೊಬ್ಬರು ಹೊಸ ಮನೆಯ ಪ್ರವೇಶ ಮಾಡಿದರು. ಅವರ ದೊಡ್ಡಪ್ಪನ ವರಸೆಯವರೊಬ್ಬರು ನೀಲಗಾರರು. ಮೇಳದೊಂದಿಗೆ ಅವರನ್ನು ಕರೆಸಿದ್ದರು. ಇದು ಮೆಚ್ಚತಕ್ಕದ್ದೇ. ಆದರೆ ಕೆಳಗಿನ ಹಜಾರದಲ್ಲಿ ವಾದ್ಯಗೋಷ್ಠಿಗೆ ಸ್ಥಳ, ನೀಲಗಾರರಿಗೆ ಮಹಡಿಯ ಮೇಲಿನ ತಾರಸಿಯಲ್ಲಿ ಶಾಮಿಯಾನದ ಮೂಲೆ. ಅರ್ಧ ಗಂಟೆಯ ಅವಕಾಶ. ಗುರು ಕಲ್ಯಾಣದ ದಾರಿ ಹಿಡಿಯುವಷ್ಟರಲ್ಲಿ ಊಟಕ್ಕೆ ಎಲೆ ಹಾಕಿತೆಂದು ಜನ ಎದ್ದರು. ಉಳಿದ ಇಬ್ಬರು ಯುವಕರು ಕೈಫೋನನ್ನು ಎತ್ತಿ ಹಿಡಿದು, ತಂಬೂರಿಯನ್ನು ಇನ್ನೂ ಸ್ವಲ್ಪ ಮೇಲಕ್ಕೆ ಎತ್ತಿರೆಂದು ಸೂಚನೆ ಕೊಡುತ್ತಿದ್ದರು. ಮುದುಕರು ಹಾಡು ನಿಲ್ಲಿಸಿ, ಸಿಟ್ಟಿಲ್ಲದ ಧ್ವನಿಯಲ್ಲಿ, “ಪದ ಕೇಳಕೆ ಕರದ್ರ, ಪಟ ಹಿಡಿಯಕೆ ಕರದ್ರ, ಅದ ಮೊದ್ಲು ಹೇಳು ಮಗ” ಎಂದರು. ಯಾರೂ ಉತ್ತರ ಹೇಳಲಿಲ್ಲ. ಅವರು ಗಗ್ಗರವನ್ನು ಬಟ್ಟೆಯಲ್ಲಿ ಸುತ್ತಿ ಜೋಳಿಗೆಗೆ ಹಾಕಿಕೊಂಡರು.

ಈ ರೋಗ ನಮ್ಮೊಬ್ಬರದೇ ಅಲ್ಲ. ಅಮೆರಿಕದ ಕಪ್ಪುಜನರ ಚರಿತ್ರೆಯನ್ನು ಓದಿದವರಿಗೆ ಇದರ ಲಕ್ಷಣಗಳೆಲ್ಲ ಪರಿಚಿತ. ಗುಲಾಮಗಿರಿ ಮುಗಿದ ಮೇಲೆ ನ್ಯಾಷ್‌ವಿಲ್ ಪಟ್ಟಣದಲ್ಲಿ 1866ರಲ್ಲಿ ಫಿಸ್ಕ್ ಎಂಬ ವಿದ್ಯಾಶಾಲೆ ಅವರಿಗಾಗಿ ತೆರೆಯಿತು. ಹಣವಿಲ್ಲದೆ ಅದು ಮುಚ್ಚುವ ಸ್ಥಿತಿಗೆ ಬಂದಾಗ, 1871ರಲ್ಲಿ ಅಲ್ಲಿಯ ವಿದ್ಯಾರ್ಥಿಗಳ ಒಂದು ಮೇಳ ಹಾಡಿ ಹಣ ತರುವುದಕ್ಕೆ ಹೊರಟಿತು. ಆ ವಿದ್ಯಾರ್ಥಿಗಳು ಮೊದಲು ಹಾಡಿದ್ದು ಬಿಳಿಯರ ಗೀತೆಗಳನ್ನು. ತಮ್ಮ ತಂದೆತಾಯಿಗಳು ಹತ್ತಿಯ ಹೊಲದಲ್ಲಿ ಹಾಡಿದ ಪ್ರಾರ್ಥನೆಯ ಪದಗಳನ್ನು ಪರರ ಮುಂದೆ ಹಾಡುವುದಕ್ಕೆ ಅವರಿಗೆ ಮನಸ್ಸಿರಲಿಲ್ಲ. ಅವು ಕತ್ತಲೆಯ ಕಾಲದವು, ಮರೆಯತಕ್ಕವು ಎಂಬ ಭಾವನೆ. ಕೊನೆಗೆ ಹಾಡಿದರು. 1873ರಲ್ಲಿ ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯೂ ಕೇಳಿದಳು. ಶಾಲೆ ಉಳಿಯಿತು, ಅದಕ್ಕೊಂದು ದೊಡ್ಡ ಕಟ್ಟಡವೂ ಆಯಿತು. ನಾಚಿ ಮುಚ್ಚಿಟ್ಟಿದ್ದ ಪದವೇ ಶಾಲೆಯ ಗೋಡೆಯನ್ನು ಎತ್ತಿತು.

ಆದರೂ ನಾಚಿಕೆ ಹೋಗಲಿಲ್ಲ. 1921ರಲ್ಲಿ ನ್ಯೂಯಾರ್ಕಿನಲ್ಲಿ ಕಪ್ಪುಜನರೇ ‘ಬ್ಲ್ಯಾಕ್ ಸ್ವಾನ್’ ಎಂಬ ಧ್ವನಿಮುದ್ರಿಕೆಯ ಕಂಪನಿಯನ್ನು ಸ್ಥಾಪಿಸಿದರು. ಸ್ವಜನರ ಸಂಗೀತವನ್ನು ಎತ್ತಿಹಿಡಿಯುವ ಉದ್ದೇಶದ ಆ ಕಂಪನಿಯವರು ಬೆಸ್ಸಿ ಸ್ಮಿತ್ ಎಂಬ ಗಾಯಕಿಯನ್ನು ಪರೀಕ್ಷಿಸಿ, ಈಕೆಯ ಕಂಠ ಒರಟು ಎಂದು ತಿರಸ್ಕರಿಸಿದರು. ಆಕೆಯನ್ನು 1923ರಲ್ಲಿ ಬಿಳಿಯರ ಕೊಲಂಬಿಯಾ ಕಂಪನಿ ಸೇರಿಸಿಕೊಂಡಿತು; ಆಕೆಯ ತಟ್ಟೆಗಳು ಲಕ್ಷಗಟ್ಟಲೆ ಮಾರಾಟವಾದುವು. ಬ್ಲ್ಯಾಕ್ ಸ್ವಾನ್ 1924ರಲ್ಲಿ ಇತರರ ಪಾಲಾಯಿತು. 1926ರಲ್ಲಿ ಲ್ಯಾಂಗ್‌ಸ್ಟನ್ ಹ್ಯೂಸ್ ಎಂಬ ತರುಣಕವಿ ‘ದಿ ನೇಷನ್’ ಪತ್ರಿಕೆಯಲ್ಲಿ ಬರೆದ ಲೇಖನ ಪ್ರಸಿದ್ಧವಾದದ್ದು; ಕಪ್ಪುಜನರ ಅನುಕೂಲಸ್ಥ ಮನೆಗಳಲ್ಲಿ ಬಿಳಿಯರ ಹಾಗೆ ಇರು ಎಂಬ ಉಪದೇಶವೇ ಮಕ್ಕಳಿಗೆ ತೊಟ್ಟಿಲಿನಿಂದ ದೊರೆಯುತ್ತದೆ, ಕಲಾವಿದನು ಹತ್ತಿ ದಾಟಬೇಕಾದ ಬೆಟ್ಟ ಅದೇ ಎಂಬುದು ಅದರ ತಾತ್ಪರ್ಯ. ಮೂವತ್ತು ವರ್ಷಗಳ ತರುವಾಯ ಫ್ರೇಜಿಯರ್ ಎಂಬ ಸಮಾಜಶಾಸ್ತ್ರಜ್ಞ ತನ್ನದೇ ಜನಾಂಗದ ಮಧ್ಯಮವರ್ಗವನ್ನು ಕುರಿತು ಇನ್ನೂ ಕಟುವಾದ ಗ್ರಂಥವನ್ನು ಬರೆದ. ಅದು 1955ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಂಚ್ ಭಾಷೆಯಲ್ಲಿ, 1957ರಲ್ಲಿ ಇಂಗ್ಲಿಷಿನಲ್ಲಿ ಹೊರಬಂದಿತು. ಫ್ರೇಜಿಯರನ ಕೋಪ ನನಗೆ ಅರ್ಥವಾಗುತ್ತದೆ, ಆದರೆ ಅವನ ಮಾರ್ಗ ನನಗೆ ಒಪ್ಪಿಗೆಯಿಲ್ಲ. ಅಣಕಿಸಿ ಯಾರ ಕಿವಿಯನ್ನೂ ತೆರೆಯಲಾಗದು.

ನನಗೆ ಒಪ್ಪಿಗೆಯಾದವನು ಡುಬಾಯ್ಸ್. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದಿಂದ ಡಾಕ್ಟರ್ ಪದವಿ ಪಡೆದ ಪ್ರಥಮ ಕಪ್ಪುಮನುಷ್ಯ, ಜರ್ಮನಿಯಲ್ಲಿ ಓದಿದವನು, ಯೂರೋಪಿನ ಸಂಗೀತವನ್ನು ಪ್ರೀತಿಸಿದವನು. ಇವನು 1903ರಲ್ಲಿ ತನ್ನ ಜನರ ಆತ್ಮವನ್ನು ಕುರಿತು ಬರೆದ ಗ್ರಂಥದಲ್ಲಿ ಬಹುಮಟ್ಟಿಗೆ ಪ್ರತಿಯೊಂದು ಅಧ್ಯಾಯದ ತಲೆಯ ಮೇಲೂ ಒಂದು ಪರಿಚಿತ ಕವಿತೆಯ ತುಣುಕು, ಅದರ ಕೆಳಗೆ ಗುಲಾಮರ ಹಾಡೊಂದರ ಸ್ವರಲಿಪಿ ಇವೆರಡನ್ನೂ ಒಟ್ಟಿಗೆ ಅಚ್ಚುಹಾಕಿಸಿದ. ಒಂದರ ಬದಲಿಗೆ ಇನ್ನೊಂದಲ್ಲ. ಎರಡೂ ಒಂದೇ ಪುಟದಲ್ಲಿ, ಒಂದೇ ಅಂತಸ್ತಿನಲ್ಲಿ. (ಇದೇ ಡುಬಾಯ್ಸ್ ಬ್ಲ್ಯಾಕ್ ಸ್ವಾನ್ ಕಂಪನಿಯ ನಿರ್ದೇಶಕರಲ್ಲಿ ಒಬ್ಬನಾಗಿದ್ದನೆಂಬುದು ವಿಚಿತ್ರವಾದರೂ ಸತ್ಯ. ದೊಡ್ಡವರ ಸಂಘದಲ್ಲಿಯೂ ಬೆಸ್ಸಿ ಸ್ಮಿತ್‌ಗೆ ಬಾಗಿಲು ಮುಚ್ಚಬಲ್ಲದು.) ನಮ್ಮ ಬಾಬಾಸಾಹೇಬರು ಆ ದೇಶದಲ್ಲಿಯೇ 1913ರಿಂದ 1916ರವರೆಗೆ ಓದಿದವರು, 1946ರಲ್ಲಿ ಡುಬಾಯ್ಸನಿಗೆ ಪತ್ರ ಬರೆದವರು, ಮುಪ್ಪಿನಲ್ಲಿ ಪಿಟೀಲು ಕಲಿಯುವುದಕ್ಕೆ ಕುಳಿತವರು. ಅಭಿರುಚಿಗೆ ಬೇಲಿ ಹಾಕುವ ಬುದ್ಧಿ ಅವರದಾಗಿರಲಿಲ್ಲ.

ಇಲ್ಲಿ ಇನ್ನೊಂದು ಪಕ್ಷದವರಿಗೂ ಉತ್ತರ ಹೇಳಬೇಕಾಗಿದೆ. ಮೇಲುಜಾತಿಯ ರಸಿಕರು ಕೆಲವರಿದ್ದಾರೆ. ಅವರು ನಮ್ಮ ವೈದ್ಯನೊಬ್ಬನು ಕರ್ನಾಟಕ ಸಂಗೀತದ ಕಛೇರಿಗೆ ಬಂದರೆ ಮುಗುಳ್ನಗುತ್ತಾರೆ; “ನಿಮ್ಮದೇ ಶ್ರೀಮಂತ ಜಾನಪದ ಇರುವಾಗ ಇದೇಕೆ?” ಎಂದು ಕನಿಕರದಿಂದ ಕೇಳುತ್ತಾರೆ. ಇವರ ಮಾತು ನನ್ನ ಮಾತಿನಂತೆಯೇ ಕೇಳಿಸಬಹುದು. ಆದರೆ ಅದು ಬೇರೆ. ಅವರು ನಮಗೆ ಒಂದು ಕೋಣೆಯನ್ನು ಗೊತ್ತುಮಾಡಿ ಕೊಡುತ್ತಿದ್ದಾರೆ. ಹಿಂದೆ ಕೇರಿಯನ್ನು ಗೊತ್ತುಮಾಡಿದ ಹಾಗೆ. ತಾವು ಶೇಕ್ಸ್‌ಪಿಯರನನ್ನೂ ಓದಬಹುದು, ಪುರಂದರದಾಸರನ್ನೂ ಕೇಳಬಹುದು, ಮನಸ್ಸು ಬಂದಾಗ ಧ್ವನಿಮುದ್ರಣ ಯಂತ್ರವನ್ನು ಹಿಡಿದು ನಮ್ಮ ಕೇರಿಗೂ ಬರಬಹುದು. ನಾವು ಮಾತ್ರ ಇದ್ದಲ್ಲಿಯೇ ಇದ್ದು ಸಾಂಪ್ರದಾಯಿಕರಾಗಿರಬೇಕು! ಈ ಔದಾರ್ಯವನ್ನು ನಾನು ಒಪ್ಪಲಾರೆ. ನೀಲಗಾರರ ಪದವನ್ನು ಕೇಳಬೇಕೆಂದು ನಾನು ಹೇಳುವುದು ಅದು ದಲಿತರಿಗೆ ತಕ್ಕದ್ದೆಂದಲ್ಲ, ಅದು ಮಹಾಕಾವ್ಯವೆಂದು. ಹಾಗಾದರೆ ಅದನ್ನು ಕೇಳುವ ಹೊಣೆ ಆ ರಸಿಕರ ಮಕ್ಕಳಿಗೂ ಅಷ್ಟೇ ಇದೆ.

ಹೀಗೆಂದು ಯಂತ್ರ ಹಿಡಿದು ಬಂದವರನ್ನು ನಾನು ಹಳಿಯುತ್ತಿಲ್ಲ. ಪಿ. ಕೆ. ರಾಜಶೇಖರ ಅವರು ಮಲೆಯ ಮಾದೇಶ್ವರನ ಕಾವ್ಯವನ್ನು, ಹಿ. ಚಿ. ಬೋರಲಿಂಗಯ್ಯನವರು ಮಂಟೇಸ್ವಾಮಿಯ ಕಾವ್ಯವನ್ನು ಗ್ರಂಥಸ್ಥಗೊಳಿಸದೆ ಇದ್ದಿದ್ದರೆ ಇಂದು ಪಟ್ಟಣದಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಅದರ ಹೆಸರೂ ತಿಳಿಯುತ್ತಿರಲಿಲ್ಲ. ಎಚ್. ಎಸ್. ಶಿವಪ್ರಕಾಶರು ‘ಮಂಟೇಸ್ವಾಮಿ ಕಥಾಪ್ರಸಂಗ’ವೆಂಬ ನಾಟಕವನ್ನು ಬರೆದು ಆ ಗುರುವನ್ನು ರಂಗಕ್ಕೆ ತಂದರು. ಇವರೆಲ್ಲರಿಗೂ ಋಣಿಗಳಾಗಿರೋಣ. ಆದರೆ ನಮ್ಮ ಮನೆಯ ಪದವನ್ನು ನಾವು ವಿಶ್ವವಿದ್ಯಾನಿಲಯದ ಮುದ್ರೆ ಬಿದ್ದ ಮೇಲೆ ಮಾತ್ರ ಕಪಾಟಿನಲ್ಲಿ ಇಟ್ಟುಕೊಳ್ಳುವುದು, ಅದನ್ನು ಹಾಡುವ ಮನುಷ್ಯನನ್ನು ತಾರಸಿಗೆ ಕಳುಹಿಸುವುದು, ಇದು ಎಂತಹ ಗೌರವ? ಸಿನಿಮಾದ ವಿಷಯವೂ ಹೀಗೆಯೇ. 1996ರ ‘ಜನುಮದ ಜೋಡಿ’ಯಲ್ಲಿ, 2005ರ ‘ಜೋಗಿ’ಯಲ್ಲಿ ಮಾದಪ್ಪನ ಪದದ ಧಾಟಿ ಬಂದಾಗ ನಮ್ಮ ಮದುವೆಯ ಛತ್ರಗಳಲ್ಲಿ ಅಧಿಕಾರಿಗಳೂ ಮಡದಿಯರೂ ಕುಣಿದರು. ಅದೇ ಧಾಟಿ ದೇವರಗುಡ್ಡರ ಬಾಯಿಂದ, ಕಂಸಾಳೆಯ ಸದ್ದಿನೊಂದಿಗೆ ಮನೆಯ ಬಾಗಿಲಿಗೆ ಬಂದರೆ ಚಿಲ್ಲರೆ ಕೊಟ್ಟು ಕಳುಹಿಸುತ್ತಾರೆ. ನಮ್ಮ ಮಾಂಬಳ್ಳಿ ರೇಷ್ಮೆಯ ಊರು. ಸರ್ಕಾರದ ನೂಲು ಬಿಚ್ಚುವ ಕಾರ್ಖಾನೆ ನಡೆದ ಊರು. ಬಿಸಿನೀರಿನಲ್ಲಿ ಬೆರಳು ಬೇಯಿಸಿಕೊಂಡು ಗೂಡಿನಿಂದ ಎಳೆ ತೆಗೆದವರು ಇಲ್ಲಿಯವರು. ಸೀರೆಗೆ ಹೆಸರು ಬೇರೆ ಊರಿನದು. ಈ ವ್ಯಾಪಾರದ ರೀತಿ ನಮಗೆ ಹೊಸದಲ್ಲ. ಆದರೆ ಬೆರಳು ಬೇಯಿಸಿಕೊಂಡವರ ಮಕ್ಕಳೇ “ಎಳೆ ಬೇಡ, ಹೆಸರಿನ ಚೀಟಿ ಸಾಕು” ಎನ್ನುವುದು ಹೊಸದು.

ಬೌದ್ಧಧರ್ಮವನ್ನು ಸ್ವೀಕರಿಸಿದ ಮಿತ್ರರ ಆಕ್ಷೇಪ ಬೇರೆ ಬಗೆಯದು. ಅದನ್ನು ಲಘುವಾಗಿ ಕಾಣತಕ್ಕದ್ದಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳ ತರುವಾಯ ಪವಾಡಪುರುಷರ ಪದಗಳಿಗೆ ನಮ್ಮ ಮನೆಯಲ್ಲಿ ಸ್ಥಳವೆಲ್ಲಿ ಎಂದು ಅವರು ಕೇಳುತ್ತಾರೆ. ಪೂಜೆಗೂ ಶ್ರವಣಕ್ಕೂ ಭೇದವಿದೆ ಎಂಬುದು ನನ್ನ ಉತ್ತರ. ಮಂಟೇಸ್ವಾಮಿಗೆ ಕೈಮುಗಿಯದೆಯೇ ಕಲ್ಯಾಣದ ಬಾಗಿಲಿನ ಪ್ರಸಂಗವನ್ನು ಕೇಳಬಹುದು. ಗ್ರೀಕರ ದೇವತೆಗಳನ್ನು ನಂಬದೆಯೇ ಹೋಮರನನ್ನು ಓದುವ ಹಾಗೆ. ಬುದ್ಧನ ಶಾಸನದಲ್ಲಿಯೂ ಹಾಡಿಗೆ ಸ್ಥಳವಿತ್ತು. ‘ಥೇರಗಾಥಾ’ದಲ್ಲಿ ಕಸ ಗುಡಿಸುತ್ತಿದ್ದ ಸುನೀತನೆಂಬ ಭಿಕ್ಷುವಿನ ಪದ್ಯಗಳಿವೆ, ಅವನು ಕೆಳಕುಲದಲ್ಲಿ ಹುಟ್ಟಿದೆನೆಂಬುದನ್ನು ಮುಚ್ಚಿಡದೆ ಹೇಳುತ್ತಾನೆ. ಇನ್ನು ಹಾಡಿನಲ್ಲಿ ಬದಲಾಗಬೇಕಾದದ್ದು ಇದ್ದರೆ ಬದಲಾಗಲಿ. ಮಹಾರಾಷ್ಟ್ರದ ಮಹಾರ್ ಕಲಾವಿದರು ತಮಾಷಾದಿಂದ ಅಂಬೇಡ್ಕರೀ ಜಲಸಾವನ್ನು ರೂಪಿಸಿದರಲ್ಲವೇ? ಕಳಂಕ ತಗಲಿದ ಕಲೆಯೊಂದನ್ನು ಒಡೆದೂ ಹಾಕಲಿಲ್ಲ, ಇದ್ದಂತೆ ಪೂಜಿಸಲೂ ಇಲ್ಲ. ತೊಳೆದು ಚಳವಳಿಗೆ ಹಚ್ಚಿದರು. ಅಂತಹ ಕೆಲಸಕ್ಕೆ ಮೊದಲು ಆ ಕಲೆಯ ಹತ್ತಿರ ಹೋಗಬೇಕಾಗುತ್ತದೆ.

ಚಿಕ್ಕಲ್ಲೂರಿನ ಜಾತ್ರೆಯ ಮಾತನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಬಣದ ಹುಣ್ಣಿಮೆಯಿಂದ ಐದು ದಿನ ನಡೆಯುವ ಜಾತ್ರೆ. ಮೊದಲ ರಾತ್ರಿ ಚಂದ್ರಮಂಡಲ, ನಾಲ್ಕನೆಯ ದಿನ ಪಂಕ್ತಿಸೇವೆ. ಬಿಡಾರ ಹೂಡಿ, ಮಾಂಸದಡಿಗೆ ಮಾಡಿ, ಜಾತಿ ಮತಗಳ ಲೆಕ್ಕವಿಲ್ಲದೆ ಸಾಲಾಗಿ ಕುಳಿತು ಉಣ್ಣುವುದು ಈ ಸೇವೆಯ ರೀತಿ. 1959ರ ಪ್ರಾಣಿಬಲಿ ನಿಷೇಧದ ಕಾನೂನನ್ನು ಮುಂದಿಟ್ಟು ಇತ್ತೀಚಿನ ವರ್ಷಗಳಲ್ಲಿ ಇದಕ್ಕೆ ಅಡ್ಡಿ ಬಂದಿದೆ. ಇದು ದೇವರಿಗೆ ಕೊಟ್ಟ ಬಲಿಯಲ್ಲ, ನೆಂಟರಿಷ್ಟರ ಊಟ ಎಂಬುದು ಒಕ್ಕಲಿನವರ ವಾದ. ಕಾನೂನಿನ ಪ್ರಶ್ನೆಯನ್ನು ವಕೀಲರಿಗೆ ಬಿಡೋಣ. ನಾನು ಕಂಡದ್ದು ಇಷ್ಟು: ನಮ್ಮ ಸುಶಿಕ್ಷಿತರು ಮೊದಲ ರಾತ್ರಿಗೆ ಕಾರಿನಲ್ಲಿ ಬರುತ್ತಾರೆ, ಚಂದ್ರಮಂಡಲದ ಬೆಂಕಿಯನ್ನು ಚಿತ್ರ ತೆಗೆಯುತ್ತಾರೆ, ಬೆಳಗಾಗುವುದರೊಳಗೆ ಹಿಂತಿರುಗುತ್ತಾರೆ. ನಾಲ್ಕನೆಯ ದಿನದ ಸಾಲಿನಲ್ಲಿ ಅವರು ಇರುವುದಿಲ್ಲ. ಪಂಕ್ತಿಭೇದದ ವಿರುದ್ಧ ಸಭೆಗಳಲ್ಲಿ ನಿರ್ಣಯ ಮಾಡುವವರು, ಭೇದವಿಲ್ಲದ ಪಂಕ್ತಿಯೊಂದು ತಮ್ಮ ಸೀಮೆಯಲ್ಲಿಯೇ ಹಾಸಿರುವಾಗ ಅದರಲ್ಲಿ ಕೂಡುವುದಕ್ಕೆ ಸಂಕೋಚಪಡುತ್ತಾರೆ. ಏಕೆಂದರೆ ಆ ಎಲೆಯಲ್ಲಿ ಮಾಂಸವಿದೆ, ಪಕ್ಕದಲ್ಲಿ ಓದು ಬಾರದ ಚಿಕ್ಕಪ್ಪನಿದ್ದಾನೆ.

ಬಾಬಾಸಾಹೇಬರು 1956ರ ಮಾರ್ಚಿಯಲ್ಲಿ ಆಗ್ರಾದಲ್ಲಿ ಮಾತನಾಡುತ್ತ ಓದಿದವರಿಂದ ತಮಗಾದ ನಿರಾಶೆಯನ್ನು ತೋಡಿಕೊಂಡದ್ದನ್ನು ನಮ್ಮ ಸಭೆಗಳಲ್ಲಿ ಎಲ್ಲರೂ ನೆನೆಯುತ್ತಾರೆ. ನೆನೆದು, ಹಿಂದುಳಿದವರಿಗೆ ಹಣ ಕೊಡಿ, ಶುಲ್ಕ ಕಟ್ಟಿ ಎಂದು ಮುಗಿಸುತ್ತಾರೆ. ಅದೂ ಬೇಕು. ಆದರೆ ಹಣ ಕೊಡುವುದರಿಂದ ತುಂಬದ ಅಗಲ ಒಂದಿದೆ. ಒಂದೇ ಮನೆಯಲ್ಲಿ ಹುಟ್ಟಿದ ಅಣ್ಣತಮ್ಮಂದಿರಲ್ಲಿ ಒಬ್ಬನು ನಗುವ ಮಾತಿಗೆ ಇನ್ನೊಬ್ಬನು ನಗಲಾರದೆ ಹೋದರೆ, ಒಬ್ಬನ ಕಣ್ಣಲ್ಲಿ ನೀರು ತರಿಸುವ ಪದ ಇನ್ನೊಬ್ಬನಿಗೆ ಬರೀ ಗದ್ದಲವಾದರೆ, ಆ ಮನೆ ಎರಡಾಯಿತೆಂದೇ ಅರ್ಥ. ವರ್ಗವೆಂಬುದು ಸಂಬಳದ ಚೀಟಿಯಲ್ಲಿ ಹುಟ್ಟುತ್ತದೆಂದು ಹೇಳುವರು. ಅದು ಬೇರೂರುವುದು ಕಿವಿಯಲ್ಲಿ.

1973ರ ನವೆಂಬರಿನಲ್ಲಿ ಮಂತ್ರಿಗಳಾಗಿದ್ದ ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ನಾಡೇ ಎದ್ದಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದುವು, ಅವರು ಪದವಿಯನ್ನು ಬಿಡಬೇಕಾಯಿತು. ಅವರು ಆಡಿದ್ದು ಕೋಪದ ಮಾತಾದರೂ ಅದರಲ್ಲಿ ಸತ್ಯವಿತ್ತು. ಅಚ್ಚಾದ ಪುಸ್ತಕಗಳಲ್ಲಿ ನಾವು ಎಲ್ಲಿದ್ದೆವು? ಆದರೆ ಆ ಲೆಕ್ಕದಲ್ಲಿ ಅಚ್ಚಾಗದ ಸಾಹಿತ್ಯ ಸೇರಿರಲಿಲ್ಲವೆಂದು ನನಗೆ ತೋರುತ್ತದೆ. ಆ ಲೆಕ್ಕವನ್ನು ಪೂರ್ಣಗೊಳಿಸಿದ್ದು ನಂಜನಗೂಡು ತಾಲ್ಲೂಕಿನ ದೇವನೂರಿನವರಾದ ಮಹಾದೇವ ಅವರು. 1984ರಲ್ಲಿ ‘ಕುಸುಮಬಾಲೆ’ ಪ್ರಕಟವಾದಾಗ ಅದರ ಭಾಷೆ ಕಷ್ಟವೆಂದು ಗೊಣಗಿದವರಲ್ಲಿ ನಮ್ಮ ಪದವೀಧರರೂ ಇದ್ದರು. ಅದೇ ಪುಟಗಳನ್ನು ಮನೆಯಲ್ಲಿದ್ದ ಅಜ್ಜಿಗೆ ಗಟ್ಟಿಯಾಗಿ ಓದಿಹೇಳಿದ್ದರೆ ಆಕೆಗೆ ಕೋಶ ಬೇಕಾಗುತ್ತಿರಲಿಲ್ಲ. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದ ಮೇಲೆ ಅದೇ ಪದವೀಧರರು ಪುಸ್ತಕವನ್ನು ಕೊಂಡರು. ಓದಿದರೋ ಇಲ್ಲವೋ, ನಾನು ವಿಚಾರಿಸಲಿಲ್ಲ.

ಹಾಗಾದರೆ ಮಾಡತಕ್ಕದ್ದೇನು ಎಂದು ವಾಚಕರು ಕೇಳಬಹುದು. ತಂಬೂರಿ ಹಿಡಿಯಿರೆಂದು ವೈದ್ಯರ ಮಕ್ಕಳಿಗೆ ನಾನು ಹೇಳುವುದಿಲ್ಲ, ಹಿಡಿದರೆ ಸಂತೋಷ. ಕೇಳಿರೆಂದು ಹೇಳುತ್ತೇನೆ. ಮದುವೆಗೆ, ಗೃಹಪ್ರವೇಶಕ್ಕೆ ಕರೆದರೆ ಹಜಾರಕ್ಕೆ ಕರೆಯಿರಿ, ಒಂದು ರಾತ್ರಿಯನ್ನು ಪೂರ್ತಿಯಾಗಿ ಬಿಟ್ಟುಕೊಡಿ. ವಾದ್ಯಗೋಷ್ಠಿಯವರಿಗೆ ಮುಂಗಡ ಕೊಟ್ಟು ಸಂಭಾವನೆ ಗೊತ್ತುಮಾಡುವಂತೆ ಇವರಿಗೂ ಗೊತ್ತುಮಾಡಿ. ಹಾಡು ಮುಗಿದ ಮೇಲೆ ಮಡಿಸಿದ ನೋಟನ್ನು ಅಂಗೈಗೆ ತುರುಕುವ ಪದ್ಧತಿ ನಿಲ್ಲಲಿ. ಮುಪ್ಪಿನ ನೀಲಗಾರರಿಗೆ ಸರ್ಕಾರದ ಮಾಸಾಶನವಿದೆ. ಅದಕ್ಕೆ ಅರ್ಜಿ ಬರೆಯುವುದು, ದಾಖಲೆ ಕೂಡಿಸುವುದು, ಕಚೇರಿಗೆ ಅಲೆಯುವುದು ಅಕ್ಷರಸ್ಥರ ಕೆಲಸ. ಕಚೇರಿಗಳಲ್ಲಿ ಕುಳಿತಿರುವ ನಮ್ಮವರಿಗೆ ಇದಕ್ಕಿಂತ ಸುಲಭವಾದ ಸೇವೆ ಯಾವುದಿದೆ?

ಸಾಹಿತ್ಯ ಸಂಘಗಳವರಿಗೂ ಒಂದು ಮಾತು. ಜಿಲ್ಲೆಯ ಸಭೆ ಸಮ್ಮೇಳನಗಳಲ್ಲಿ ನೀಲಗಾರರೂ ಕಂಸಾಳೆಯವರೂ ಮೆರವಣಿಗೆಯಲ್ಲಿ ಬಿಸಿಲಿನಲ್ಲಿ ಅಧ್ಯಕ್ಷರ ವಾಹನದ ಮುಂದೆ ನಡೆಯುತ್ತಾರೆ. ವೇದಿಕೆ ಬಂದ ಕೂಡಲೆ ಅವರು ಶಾಮಿಯಾನದ ಹಿಂದಕ್ಕೆ ಸರಿಯುತ್ತಾರೆ, ಕವಿಗೋಷ್ಠಿ ಆರಂಭವಾಗುತ್ತದೆ. ಸಾವಿರಾರು ಸಾಲುಗಳ ಕಾವ್ಯವನ್ನು ಕಂಠದಲ್ಲಿ ಹೊತ್ತವನು ಕವಿಗೋಷ್ಠಿಗೆ ಅರ್ಹನಲ್ಲವಾದರೆ, ಜೇಬಿನಿಂದ ಹದಿನಾರು ಸಾಲಿನ ಕಾಗದ ತೆಗೆಯುವ ನಾವು ಹೇಗೆ ಅರ್ಹರು? ಮುಂದಿನ ಕಾರ್ಯಕ್ರಮದಲ್ಲಿ ಕವಿಗೋಷ್ಠಿಯ ಮೊದಲ ಒಂದು ಗಂಟೆಯನ್ನು ಒಬ್ಬ ನೀಲಗಾರರಿಗೆ ಬಿಟ್ಟುಕೊಡಬೇಕೆಂದು, ಆಮಂತ್ರಣ ಪತ್ರದಲ್ಲಿ ಅವರ ಹೆಸರನ್ನು “ಮತ್ತು ತಂಡ” ಎಂದು ಮುಗಿಸದೆ ಮೇಳದವರೆಲ್ಲರ ಹೆಸರನ್ನೂ ಅಚ್ಚುಹಾಕಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಬಣದ ಹುಣ್ಣಿಮೆ ಪುಷ್ಯಮಾಸದಲ್ಲಿ ಬರುತ್ತದೆ. ಕಾರುಳ್ಳವರು ಊರಿಗೆ ಹೋಗಿ ಓದು ಬಾರದ ಚಿಕ್ಕಪ್ಪನನ್ನೂ ಕೂರಿಸಿಕೊಂಡು ಚಿಕ್ಕಲ್ಲೂರಿಗೆ ಬರಲಿ, ಮಕ್ಕಳನ್ನೂ ಕರೆತರಲಿ. ರಜೆಯನ್ನು ಮಾತ್ರ ಒಂದು ದಿನಕ್ಕಲ್ಲ, ಐದು ದಿನಕ್ಕೆ ಹಾಕಲಿ.